ಪ್ರಾಚೀನ ಪಥವೂ ಹೊರುವ ಹೆಗಲೂ

ಪೆರು ದೇಶದ ಆಂಡೀಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 2,430 ಮೀಟರು ಎತ್ತರದಲ್ಲಿ, ಇಂಕಾ ಅರಸರು ಕಟ್ಟಿಸಿದ ಮಾಚು ಪಿಚು ನಗರವನ್ನು ರೈಲು ಬಸ್ಸುಗಳ ಸೌಕರ್ಯವಿದ್ದರೂ ಕಾಲ್ನಡಿಗೆಯಿಂದಲೇ ಸೇರಬೇಕೆಂಬ ಹಂಬಲವು ಇಂದು ಅನೇಕ ದೇಶಗಳ ಜನರಲ್ಲಿ ಬೆಳೆದಿದೆ. ಈ ಹಂಬಲ ಶ್ಲಾಘ್ಯವಾದುದು. ಆದರೆ ಆ ಯಾತ್ರೆಯ ಭಾರವನ್ನು ಹೊರುವವರು ಯಾರು, ಅವರಿಗೆ ಸಲ್ಲತಕ್ಕದ್ದು ಸಲ್ಲುತ್ತಿದೆಯೇ ಎಂಬ ವಿಚಾರಣೆಯಿಲ್ಲದೆ ಕೈಗೊಂಡ ಯಾತ್ರೆಯು, ಎಷ್ಟೇ ಸಾಹಸದ್ದಾದರೂ, ಅಪೂರ್ಣವೆಂದೇ ನನ್ನ ಅಭಿಪ್ರಾಯ.

ಇಂಕಾ ಜನರ ಮಹಿಮೆಯನ್ನು ಲೋಕವು ಸಾಮಾನ್ಯವಾಗಿ ಅವರ ಶಿಲಾಭಿತ್ತಿಗಳಲ್ಲಿ ಕಾಣುತ್ತದೆ; ಅವರ ಹಾದಿಗಳಲ್ಲಿ ಅದು ಇನ್ನೂ ಹೆಚ್ಚಾಗಿ ಪ್ರಕಟವಾಗಿದೆ. ಇಂದಿನ ಕೊಲಂಬಿಯಾದಿಂದ ಚಿಲಿ, ಅರ್ಜೆಂಟೀನಗಳವರೆಗೆ ಆರು ದೇಶಗಳಲ್ಲಿ ಸುಮಾರು 30,000 ಕಿಲೋಮೀಟರು ಹಬ್ಬಿ, 2014ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಮಾರ್ಗಜಾಲವು, ಗಾಲಿಬಂಡಿಯನ್ನಾಗಲಿ ಕುದುರೆಯನ್ನಾಗಲಿ ಕಬ್ಬಿಣದ ಉಪಕರಣವನ್ನಾಗಲಿ ಅರಿಯದ ಜನರ ಕೃತಿ. ಅದರ ಮೇಲೆ ಲಾಮಾಗಳ ಹಿಂಡು ಸರಕನ್ನು ಸಾಗಿಸುತ್ತಿತ್ತು. ಚಾಸ್ಕಿಗಳೆಂಬ ಓಟಗಾರರು ಒಬ್ಬರಿಂದೊಬ್ಬರಿಗೆ ಸಂದೇಶವನ್ನು ದಾಟಿಸುತ್ತಿದ್ದರು. ಚಕ್ರವಿಲ್ಲದ ನಾಡಿನ ಮಾರ್ಗವಾದುದರಿಂದಲೇ ಅದು ಕಡಿದಾದ ಏರುಗಳಲ್ಲಿ ಬಳಸಿ ಹೋಗದೆ, ಕಲ್ಲಿನ ಮೆಟ್ಟಿಲುಗಳಾಗಿ ಮೇಲಕ್ಕೇರುತ್ತದೆ. ಮನುಷ್ಯನ ಪಾದವನ್ನೂ ಬೆನ್ನನ್ನೂ ಪ್ರಮಾಣವಾಗಿಟ್ಟುಕೊಂಡು ನಿರ್ಮಿಸಿದ ಮಾರ್ಗವದು.

ಅಂದಿನಂತೆ ಇಂದೂ ಅಲ್ಲಿ ಹೊರೆ ಹೊರುವುದು ಮನುಷ್ಯನ ಬೆನ್ನೇ. ಆ ಮಾರ್ಗಜಾಲದ ಒಂದು ಭಾಗದ ಮೇಲೆ ಮಾಚು ಪಿಚುವಿಗೆ ಸಾಗುವ, ಸುಮಾರು 43 ಕಿಲೋಮೀಟರುಗಳ, ನಾಲ್ಕು ದಿನಗಳ ಚಾರಣದಲ್ಲಿ, 4,215 ಮೀಟರು ಎತ್ತರದ ವಾರ್ಮಿವಾನ್ಯುಸ್ಕಾ ಕಣಿವೆದಾರಿಯನ್ನು ಏದುಸಿರು ಬಿಡುತ್ತ ಏರುವ ಯಾತ್ರಿಕನನ್ನು ಹಿಂದೆ ಹಾಕಿ, ಡೇರೆ, ಒಲೆ, ಪಾತ್ರೆ, ದವಸಗಳನ್ನು ಹೊತ್ತು ಮುನ್ನಡೆಯುವವರು ಸುತ್ತಲಿನ ಹಳ್ಳಿಗಳ ಕೆಚುವಾ ಭಾಷೆಯನ್ನಾಡುವ ರೈತರು. ಪೆರು ಸರ್ಕಾರವು 2001ರ ಕಾನೂನಿನಿಂದ ಹಮಾಲನೊಬ್ಬನ ಹೊರೆಯನ್ನು 20 ಕಿಲೋಗ್ರಾಮಿಗೆ ಮಿತಗೊಳಿಸಿತು. ಹಾದಿಯ ಆರಂಭದ ಕಟ್ಟೆಯಲ್ಲಿ ಮೂಟೆಗಳನ್ನು ತೂಗುವ ಪದ್ಧತಿಯೂ ಉಂಟು. ದಿನವೊಂದಕ್ಕೆ ಪ್ರವೇಶವಿರುವ 500 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈ ಹಮಾಲರೂ ಮಾರ್ಗದರ್ಶಕರೂ ಆಗಿರುತ್ತಾರೆ. ಕಾನೂನು ಉಚಿತವಾದುದೇ, ಆದರೆ ತಕ್ಕಡಿಯು ಮೂಟೆಯನ್ನು ತೂಗಬಲ್ಲುದೇ ಹೊರತು, ಕೂಲಿಯ ನ್ಯಾಯವನ್ನಾಗಲಿ, ಚಳಿಯ ರಾತ್ರಿಯಲ್ಲಿ ಅವರು ಮಲಗುವ ನೆಲೆಯನ್ನಾಗಲಿ ತೂಗಲಾರದು.

ಹಮಾಲರನ್ನೇ ಬಿಟ್ಟುಬಿಡುವುದು ಇದಕ್ಕೆ ಪರಿಹಾರವಲ್ಲ. ಬೇಸಾಯದ ಅಲ್ಪ ಆದಾಯಕ್ಕೆ ಈ ಕೂಲಿಯೇ ಆಸರೆಯಾದ ಕುಟುಂಬಗಳಿಗೆ ಅದು ಉಪಕಾರದ ಹೆಸರಿನಲ್ಲಿ ಮಾಡಿದ ಅಪಕಾರವಾದೀತು. ದೋಷವಿರುವುದು ಅತ್ಯಂತ ಅಗ್ಗದ ಯಾತ್ರೆಯನ್ನು ಹುಡುಕುವ ನಮ್ಮ ಚೌಕಾಸಿಯಲ್ಲಿ. ಏಕೆಂದರೆ ನಾವು ಕಡಿತಗೊಳಿಸಿದ ಹಣವು ಕೊನೆಗೆ ಕಡಿತವಾಗುವುದು ಎಲ್ಲರಿಗಿಂತ ದುರ್ಬಲನಾದವನ ಕೂಲಿಯಲ್ಲಿಯೇ.

ಶ್ರಮಿಸಿದವರನ್ನು ಹೀಗೆ ಮರೆಯುವುದಕ್ಕೆ ಅಲ್ಲಿ ಪೂರ್ವನಿದರ್ಶನವೂ ಇದೆ. 1911ರಲ್ಲಿ ಹಿರಾಮ್ ಬಿಂಗ್‌ಹ್ಯಾಮ್ ಎಂಬ ಅಮೆರಿಕನ್ ವಿದ್ವಾಂಸನು ಮಾಚು ಪಿಚುವನ್ನು ಶೋಧಿಸಿದನೆಂದು ಲೋಕವು ಕೊಂಡಾಡಿತು. ಆತನನ್ನು ಅಲ್ಲಿಗೆ ಕರೆದೊಯ್ದವನು ಮೆಲ್ಚೋರ್ ಆರ್ತೆಯಾಗಾ ಎಂಬ ಸ್ಥಳೀಯ ರೈತ. ಆ ವೇಳೆಗೆ ಅಲ್ಲಿನ ಪ್ರಾಚೀನ ಸೋಪಾನಕ್ಷೇತ್ರಗಳಲ್ಲಿ ರೈತಕುಟುಂಬಗಳು ಬೆಳೆ ತೆಗೆಯುತ್ತಲೇ ಇದ್ದವು. ದಾರಿ ತೋರಿದವನ ಹೆಸರು ಹಿಂದುಳಿದು, ದಾರಿ ಕೇಳಿದವನ ಹೆಸರು ಮುಂದಾಯಿತು.

ಆದುದರಿಂದ ಅಲ್ಲಿಗೆ ಹೋಗತಕ್ಕವರು ತಮ್ಮ ಚೀಲವನ್ನು ಮೊದಲು ಮನೆಯಲ್ಲಿಯೇ ಹಗುರಗೊಳಿಸಲಿ. ಯಾತ್ರೆಯನ್ನು ಏರ್ಪಡಿಸುವ ಸಂಸ್ಥೆಗೆ ಹಣ ಕೊಡುವ ಮುನ್ನ ಹಮಾಲರ ಕೂಲಿ, ಊಟ, ವಸತಿಗಳನ್ನು ಕುರಿತು ಸ್ಪಷ್ಟವಾಗಿ ಪ್ರಶ್ನಿಸಲಿ. ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಯನ್ನು ತ್ಯಜಿಸಲಿ. ಪೂರ್ವಿಕರ ಕಲ್ಲುಗಳಿಗೆ ಕೈಮುಗಿದು ಅವರ ಸಂತತಿಯ ಶ್ರಮವನ್ನು ಅಗ್ಗವಾಗಿ ಕೊಳ್ಳುವುದು ಪರಂಪರೆಗೆ ಸಲ್ಲಿಸಿದ ಗೌರವವೆನಿಸಲಾರದು.