ಬಾಲ್ಕನಿ ಮುಚ್ಚಲು ಸಂಘದ ಒಪ್ಪಿಗೆಯೊಂದೇ ಸಾಲದು

ಬೆಂಗಳೂರು: ಮಳೆಯ ಎರಚಲು, ಪಾರಿವಾಳಗಳ ಕಾಟ, ರಸ್ತೆಯ ದೂಳು, ಕಳ್ಳರ ಭಯ. ಫ್ಲ್ಯಾಟ್‌ನ ಬಾಲ್ಕನಿಗೆ ಗಾಜು ಅಥವಾ ಗ್ರಿಲ್ ಹಾಕಿಸಲು ಕಾರಣಗಳಿಗೆ ಬರವಿಲ್ಲ. ಆದರೆ ಕೆಲಸ ಆರಂಭವಾಗುತ್ತಿದ್ದಂತೆ ನಿವಾಸಿಗಳ ಸಂಘದ ನೋಟಿಸ್ ಬಾಗಿಲಿಗೆ ಬರುತ್ತದೆ. ಹಣ ಕೊಟ್ಟು ಕೊಂಡ ಮನೆ ತಮ್ಮದು ಎಂಬುದು ಮಾಲೀಕರ ವಾದ. ಕಟ್ಟಡದ ಹೊರಮೈ ಎಲ್ಲರಿಗೂ ಸೇರಿದ್ದು ಎಂಬುದು ಸಂಘದ ವಾದ.

ಕಾನೂನು ಬಹುಮಟ್ಟಿಗೆ ಸಂಘದ ಕಡೆಗಿದೆ. ಕಟ್ಟಡದ ಭದ್ರತೆಗೆ ಅಪಾಯ ತರುವ, ಅದರ ಮೌಲ್ಯ ಕುಗ್ಗಿಸುವ ಕೆಲಸವನ್ನಾಗಲಿ, ಗಣನೀಯ ಹೊಸ ನಿರ್ಮಾಣವನ್ನಾಗಲಿ ಉಳಿದೆಲ್ಲ ಮಾಲೀಕರ ಸರ್ವಾನುಮತದ ಒಪ್ಪಿಗೆಯಿಲ್ಲದೆ ಕೈಗೊಳ್ಳುವಂತಿಲ್ಲ ಎನ್ನುತ್ತದೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಬಿಚ್ಚಬಹುದಾದ ಬಲೆ ಇದರ ವ್ಯಾಪ್ತಿಗೆ ಬರುತ್ತದೆಯೇ, ಗಾಜಿನ ಚೌಕಟ್ಟು ಬರುತ್ತದೆಯೇ ಎಂಬಲ್ಲಿಯೇ ತಕರಾರು ಹುಟ್ಟುವುದು.

ಬಹುತೇಕರು ಮರೆಯುವ ಸಂಗತಿ ಇನ್ನೊಂದಿದೆ. ಸಂಘ ನೀಡುವ ನಿರಾಕ್ಷೇಪಣಾ ಪತ್ರ ಕಟ್ಟಡ ಪರವಾನಗಿಯಲ್ಲ. ನಕ್ಷೆಯಲ್ಲಿ ತೆರೆದ ಬಾಲ್ಕನಿ ಎಂದು ತೋರಿಸಿದ ಜಾಗಕ್ಕೆ ಗೋಡೆ ಕಟ್ಟಿ ಕೋಣೆ ಮಾಡಿಕೊಂಡರೆ ಅದು ಮಂಜೂರಾದ ನಕ್ಷೆಯ ಉಲ್ಲಂಘನೆ. ಅದನ್ನು ಸಕ್ರಮಗೊಳಿಸುವ ಅಧಿಕಾರ ಸಂಘಕ್ಕಿಲ್ಲ. ಪರವಾನಗಿ ನೀಡಬೇಕಾದದ್ದು ನಗರಾಡಳಿತ. 2016ರ ರೇರಾ ಕಾಯ್ದೆ ಕೂಡ ಬಾಲ್ಕನಿಯನ್ನು ಕಾರ್ಪೆಟ್ ಏರಿಯಾ ಲೆಕ್ಕದಿಂದ ಹೊರಗಿಟ್ಟಿದೆ. ಬಾಲ್ಕನಿಯನ್ನು ಕೋಣೆಯೆಂದು ತೋರಿಸಿ ಮನೆ ಮಾರುವವರಿಂದ ಮೋಸ ಹೋಗುವುದು ಮುಂದಿನ ಖರೀದಿದಾರ.

ಸುರಕ್ಷತೆಯ ಪ್ರಶ್ನೆಯೂ ಇಲ್ಲಿದೆ. ಗೋಡೆಯಿಂದ ಹೊರಚಾಚಿದ ಸ್ಲ್ಯಾಬ್ ಮೇಲೆ ಇಟ್ಟಿಗೆ ಗೋಡೆಯ ಭಾರ ಹೇರುವುದು ಅಪಾಯಕಾರಿ. ತೆರೆಯಲಾಗದ ಗ್ರಿಲ್, ಬೆಂಕಿ ಬಿದ್ದಾಗ ಒಳಗಿದ್ದವರ ಪಾಲಿಗೆ ಪಂಜರವಾಗುತ್ತದೆ.

ಹಾಗೆಂದು ಸಂಘಗಳು ಪ್ರಶ್ನಾತೀತವೇನಲ್ಲ. ಎಷ್ಟೋ ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿವೆ. 1972ರ ಕಾಯ್ದೆಯ ಬಲ ತಮಗಿದೆಯೇ ಎಂಬ ಪ್ರಶ್ನೆಗೆ ಅವು ಮೊದಲು ಉತ್ತರಿಸಬೇಕಾಗುತ್ತದೆ. ನಿಯಮ ಮೀರಿದವರ ನೀರು, ವಿದ್ಯುತ್ ಕಡಿತಗೊಳಿಸುವುದು ಪರಿಹಾರವಲ್ಲ. ದೂರು ಮತ್ತು ನ್ಯಾಯಾಲಯವೇ ದಾರಿ. ಪದಾಧಿಕಾರಿಯ ಮನೆಗೆ ಗಾಜು, ಬಾಡಿಗೆದಾರನ ಮನೆಗೆ ನೋಟಿಸ್ ಎಂದಾದರೆ ಆ ನಿಯಮಕ್ಕೆ ಬೆಲೆ ಉಳಿಯುವುದಿಲ್ಲ.

ಸಂಪೂರ್ಣ ನಿಷೇಧಕ್ಕಿಂತ ಸರ್ವಸಾಧಾರಣ ಸಭೆಯಲ್ಲಿ ಒಪ್ಪಿದ ಒಂದೇ ಮಾದರಿ ಮೇಲು. ಬಲೆ ಅಥವಾ ಒಳಗಿನಿಂದ ತೆರೆಯಬಲ್ಲ ಗ್ರಿಲ್‌ಗೆ ಅವಕಾಶ, ಎಲ್ಲರಿಗೂ ಒಂದೇ ಬಣ್ಣ ಮತ್ತು ಅಳತೆ, ಗೋಡೆಗೆ ಮಾತ್ರ ಕಡ್ಡಾಯ ತಡೆ. ಮನೆ ಕೊಳ್ಳುವವರೂ ಕ್ರಯಪತ್ರದ ಜತೆಗೆ ಸಂಘದ ಉಪವಿಧಿ ಹಾಗೂ ಮಂಜೂರಾದ ನಕ್ಷೆಯನ್ನು ಕೇಳಿ ಪಡೆಯಬೇಕು. ಗೃಹಪ್ರವೇಶದ ನಂತರ ಓದಿದ ನಿಯಮದಿಂದ ಉಳಿಯುವುದು ನೆರೆಯವರೊಡನೆ ಮನಸ್ತಾಪ ಮಾತ್ರ.