ಬಾಲ ನೋಡಿ ಮೋಸ ಹೋಗಬೇಡಿ!



ಪುಸ್ತಕ ಸುಟ್ಟರೆ ಬೂದಿಯಾದರೂ ಉಳಿಯುತ್ತದೆ. ಕಂಪ್ಯೂಟರಿನೊಳಗೆ ಸಾಯುವ ಪುಸ್ತಕಕ್ಕೆ ಬೂದಿಯೂ ಇಲ್ಲ! ಪ್ರೆಸ್ಸುಗಳ ಹಳೆಯ ಸಿ.ಡಿ.ಗಳಲ್ಲಿ ಕಥಾಸಂಕಲನ, ಸ್ಮರಣ ಸಂಚಿಕೆಗಳು ಹೀಗೆಯೇ ಸಾಯುತ್ತಿವೆ. ಕೊಲ್ಲುವವರು ಯಾರು? ಫೈಲಿನ ಹೆಸರಿನ ಕೊನೆಯ ಚುಕ್ಕಿಯಾಚೆಗಿನ ಮೂರಕ್ಷರದ ಬಾಲ ನೋಡಿ, 'ಇದು ಕೆಟ್ಟಿದೆ, ಅಳಿಸಿಬಿಡಿ' ಎಂದು ತೀರ್ಪು ಕೊಡುವ ಅವಸರದ ಜನ.

ಬಾಲ ಬರೀ ಲೇಬಲ್. ಉಪ್ಪಿನಕಾಯಿ ಭರಣಿಗೆ ಜೇನಿನ ಚೀಟಿ ಅಂಟಿಸಿದರೆ ಉಪ್ಪಿನಕಾಯಿ ಜೇನಾಗುತ್ತದೆಯೇ? 'ಪಿಎಂಡಿ' ಎಂಬ ಬಾಲವನ್ನೇ ನೋಡಿ. ಡಿಟಿಪಿಯವರಿಗೆ ಅದು 2001ರಲ್ಲಿ ಬಂದ ಪೇಜ್‌ಮೇಕರ್ 7ರ ಪುಟ. ಜರ್ಮನಿಯ ಪ್ಲಾನ್‌ಮೇಕರ್‌ಗೆ ಲೆಕ್ಕದ ಹಾಳೆ. ಜಪಾನಿನ ಮಿಕುಮಿಕುಡ್ಯಾನ್ಸ್‌ಗೆ ಕುಣಿಯುವ ಗೊಂಬೆ. ಹೆಸರೊಂದು, ಒಡಲು ಮೂರು! ಯಾವ ಕಂಪನಿ ಯಾವ ಬಾಲ ಇಟ್ಟುಕೊಂಡರೂ ಕೇಳುವವರಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲು ಫೈಲಿನ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಯಾರು ಮಾಡಿದ್ದು, ಯಾವ ವರ್ಷದ್ದು ಎಂದು ವಿಚಾರಿಸಿ. ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಸಾಲು ನೋಡಿ. ಸೇವ್ ಮಾತ್ರ ಮಾಡಬೇಡಿ. ಶೇಕಡಾ ಚಿಹ್ನೆಯ ಜೊತೆ ಇಂಗ್ಲಿಷಿನಲ್ಲಿ 'ಪಿಡಿಎಫ್' ಎಂದಿದ್ದರೆ, ಬಾಲ ಏನೇ ಇರಲಿ, ಒಳಗಿರುವುದು ಪಿಡಿಎಫ್. 'ಪಿಕೆ' ಎಂದು ಶುರುವಾದರೆ ಅದು ಜಿಪ್ ಗಂಟು. ವರ್ಡಿನ ಡಾಕ್ಸ್, 2008ರ ಎಕ್ಸ್4ರಿಂದೀಚೆಗಿನ ಕೋರೆಲ್‌ಡ್ರಾ, ಮೊಬೈಲಿನ ಎಪಿಕೆ ಎಲ್ಲವೂ ಈ ಗಂಟೇ. ಹುಷಾರ್! 'ಲಗ್ನಪತ್ರಿಕೆ' ಎಂದು ವಾಟ್ಸಾಪ್‌ನಲ್ಲಿ ಎಪಿಕೆ ಬಂದರೆ ಮುಟ್ಟಬೇಡಿ. ಅದು ಪತ್ರಿಕೆಯಲ್ಲ, ನಿಮ್ಮ ಬ್ಯಾಂಕ್ ಖಾತೆಗೆ ಹಾಕುವ ಕನ್ನ.

ಪೇಜ್‌ಮೇಕರ್ ಇಲ್ಲವೆಂದು ಕೈಚೆಲ್ಲಬೇಡಿ. ಪುಕ್ಕಟೆ ಸಿಗುವ ಲಿಬ್ರೆಆಫೀಸ್ 2015ರ 4.4ನೇ ಆವೃತ್ತಿಯಿಂದ ಆ ಫೈಲುಗಳನ್ನು ಓದುತ್ತದೆ. ಪುಟವಿನ್ಯಾಸ ಅತ್ತಿತ್ತ ಸರಿದರೂ ಬರಹ ಕೈಗೆ ಸಿಗಬಹುದು.

ಇಲ್ಲಿ ಕನ್ನಡಿಗನಿಗೆ ಎರಡನೆಯ ಬೀಗ! ಫೈಲ್ ತೆರೆದರೂ ಕಾಣುವುದು ಕೊಂಬು ಬಾಲದ ಇಂಗ್ಲಿಷ್ ಅಕ್ಷರಗಳ ಸಂತೆ. ಅದೂ ಕೆಟ್ಟಿಲ್ಲ. ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಅದೇ ಫಾಂಟ್ ಹಾಕಿದರೆ ಕನ್ನಡ ಎದ್ದು ನಿಲ್ಲುತ್ತದೆ. ಆದರೆ ಯುನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಮನೆಯಿದೆ. ಬಾಡಿಗೆ ಮನೆಯಲ್ಲಿ ಎಷ್ಟು ಕಾಲ ಇರುವುದು? ನುಡಿಯ ಹಳೆಯ ಬರಹವನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ತಿರುಗಿಸಿ, ಒತ್ತಕ್ಷರ ಅರ್ಕಾವತ್ತುಗಳ ಕರಡು ತಿದ್ದಿ, ಎರಡು ಕಡೆ ಇಡಿ.

ಬೀದಿಯ ನಾಮಫಲಕದಲ್ಲಿ ಕನ್ನಡ ಬೇಕೆಂದು ಕೂಗುವ ನಾವು ಮನೆಯ ಸಿ.ಡಿ.ಯೊಳಗಿನ ಕನ್ನಡಕ್ಕೆ ಒಂದು ಭಾನುವಾರ ಕೊಡಬಾರದೇ? ಸಿ.ಡಿ.ಗೂ ಆಯುಸ್ಸು ಇದೆ. ಅಳಿಸುವ ಮುನ್ನ ಒಳಗೆ ಇಣುಕಿ ನೋಡಿ!