ಮುಚ್ಚಳಿಕೆ ಮತ್ತು ಬಾಡಿಗೆ ಹಣ

ಅಡವಿಟ್ಟ ಕಟ್ಟಡವನ್ನು ಮಾರುವುದಿಲ್ಲವೆಂದು ಕೋರ್ಟಿಗೆ ಮುಚ್ಚಳಿಕೆ ಬರೆದುಕೊಟ್ಟ ಸಾಲಗಾರ, ಅದರ ಬಾಡಿಗೆಯನ್ನು ತಿಂಗಳು ತಿಂಗಳೂ ಬೇರೆ ಖಾತೆಗೆ ಸಾಗಿಸಿದರೆ ಮಾತು ಮುರಿದಂತಾಯಿತೇ? ಸ್ಪಷ್ಟವಾಗಿ ಕೊಡದ ಮುಚ್ಚಳಿಕೆಯನ್ನು ಊಹಿಸಿಕೊಂಡು ನ್ಯಾಯಾಂಗ ನಿಂದನೆಗೆ ಶಿಕ್ಷಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1979ರಲ್ಲಿ ಬಾಬು ರಾಮ್ ಗುಪ್ತಾ ಪ್ರಕರಣದಲ್ಲಿ ಹೇಳಿತು. ಜೈಲಿನ ಪ್ರಶ್ನೆ ಬಂದಾಗ ಈ ಬಿಗಿ ಸರಿಯೇ. ಹಣ ಕಾಯುವಾಗಲೂ ಅದೇ ಅಳತೆ ಹಿಡಿದರೆ ಸಾಲ ಕೊಟ್ಟವರಿಗೆ ಉಳಿಯುವುದು ಬರೀ ಗೋಡೆ. ಅಡವಿಟ್ಟ ಆಸ್ತಿಯಿಂದ ಬ್ಯಾಂಕುಗಳು ಸಾಲ ವಸೂಲಿ ಮಾಡಿಕೊಳ್ಳಲು ಇರುವ 2002ರ ಸರ್ಫೇಸಿ ಕಾಯ್ದೆಯ 13(13)ನೇ ಸೆಕ್ಷನ್, ಸಾಲ ತೀರಿಸುವಂತೆ ಬ್ಯಾಂಕ್ ಕೊಟ್ಟ ನೋಟಿಸ್ ಸಾಲಗಾರನಿಗೆ ತಲುಪಿದ ಮೇಲೆ, ಮಾಮೂಲಿ ವ್ಯವಹಾರದ ಹೊರತು, ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರಾಟವನ್ನಷ್ಟೇ ಅಲ್ಲ, ಗುತ್ತಿಗೆಯನ್ನೂ ತಡೆಯುತ್ತದೆ. ಬಾಡಿಗೆಯೇ ಸಾಲಗಾರನ ಜೀವನಾಧಾರವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅವನ ಪಾಲೆಷ್ಟೆಂದು ಕೋರ್ಟ್ ನಿಗದಿಪಡಿಸಬಹುದು. ಮುಚ್ಚಳಿಕೆ ದಾಖಲಿಸಿಕೊಳ್ಳುವ ದಿನವೇ ಬಾಡಿಗೆ ಎಲ್ಲಿ ಜಮೆಯಾಗಬೇಕೆಂದು ನ್ಯಾಯಾಧೀಶರು ಬರೆಸಿಕೊಳ್ಳಲಿ.